ಕಡಿಮೆ ರೊಕ್ಕದ ಪವರ್ ಮೀಟರ್: ಬ್ರ್ಯಾಂಡ್ ಆಮೇಲೆ, ಮೊದಲು ಎಡಗಡೆ ಕ್ರ್ಯಾಂಕ್ ನೋಡಿ

"ಸರ್, ರೋಡ್ ಬೈಕಿಗೆ ಕಡಿಮೆ ರೇಟಿನಾಗ ಯಾವ ಪವರ್ ಮೀಟರ್ ಚಲೋರಿ?" ವಾರಕ್ಕೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಹೆಚ್ಚಾಗಿ ಹುಬ್ಬಳ್ಳಿ-ಧಾರವಾಡದವರು. ಈಚೆಗೆ ಗದಗ, ರಾಣೆಬೆನ್ನೂರು ಕಡೆಯವರೂ ಶುರು ಮಾಡಿದ್ದಾರೆ. ನಾನು ತಿರುಗಿ ಹೇಳುವುದು ಒಂದೇ ಮಾತು: "ನಿಮ್ಮ ಸೈಕಲ್ಲಿನ ಎಡಗಡೆ ಕ್ರ್ಯಾಂಕಿನ ಫೋಟೋ ಕಳಿಸ್ರಿ." ಬ್ರ್ಯಾಂಡ್ ಹೆಸರು ಕೇಳಬೇಕೆಂದು ಬಂದವರಿಗೆ ಇದು ರುಚಿಸುವುದಿಲ್ಲ. ಆದರೆ ಹತ್ತರಲ್ಲಿ ಏಳು ಮಂದಿಯ ತೀರ್ಮಾನ ಆ ಒಂದು ಫೋಟೋದಲ್ಲೇ ಮುಗಿದುಹೋಗುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಪವರ್ ಮೀಟರ್ ಏನು ಅಳೆಯುತ್ತದೆ ಅನ್ನುವುದು: ನೀವು ಎಷ್ಟು ಶಕ್ತಿ ಹಾಕಿ ತುಳಿಯುತ್ತಿದ್ದೀರಿ ಎಂದು, ವ್ಯಾಟ್ ಲೆಕ್ಕದಲ್ಲಿ. ಕ್ರ್ಯಾಂಕ್ ಎಂದರೆ ಪೆಡಲನ್ನು ಹಿಡಿದಿರುವ ಲೋಹದ ತೋಳು. ನೀವು ತುಳಿದಾಗಲೆಲ್ಲ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಸ್ಟ್ರೇನ್ ಗೇಜ್ ಎಂಬ ತೆಳ್ಳನೆಯ ಪಟ್ಟಿ ಅಂಟಿಸಿರುತ್ತಾರೆ. ಲೋಹ ಬಾಗಿದಂತೆ ಪಟ್ಟಿಯ ವಿದ್ಯುತ್ ರೋಧ ಬದಲಾಗುತ್ತದೆ, ಅದರಿಂದ ತಿರುಗಿಸುವ ಬಲ, ಅಂದರೆ ಟಾರ್ಕ್, ಗೊತ್ತಾಗುತ್ತದೆ. ಟಾರ್ಕನ್ನು ಕ್ರ್ಯಾಂಕ್ ತಿರುಗುವ ವೇಗದಿಂದ ಗುಣಿಸಿದರೆ ಬರುವುದೇ ವ್ಯಾಟ್. ನಿಮಿಷಕ್ಕೆ 90 ಸುತ್ತು (ಇದಕ್ಕೆ ಕ್ಯಾಡೆನ್ಸ್ ಅನ್ನುತ್ತಾರೆ) ತುಳಿಯುತ್ತ ಸರಾಸರಿ 16 ನ್ಯೂಟನ್ ಮೀಟರ್ ಬಲ ಹಾಕಿದರೆ ಸುಮಾರು 150 ವ್ಯಾಟ್. ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಎಂಬ ಕಂಪನಿ ಕಟ್ಟಿ ಇದನ್ನು ಸೈಕಲ್ಲಿಗೆ ತಂದಾಗ ದೊಡ್ಡ ರೇಸಿಗರಿಗೆ ಮಾತ್ರ ಎಟುಕುತ್ತಿತ್ತು. ಈಗ ನಮ್ಮಂಥವರ ಕೈಗೂ ಎಟುಕುವಂತಾಗಿದೆ, ಆದರೂ ಅಗ್ಗ ಅನ್ನುವ ಹಾಗಿಲ್ಲ.

1. ನಿಮಗೆ ಬೇಕೋ ಬೇಡವೋ ನೋಡಿಕೊಳ್ಳಿ

ನಮ್ಮ ಕಡೆ ಪವರ್ ಮೀಟರ್ ಯಾಕೆ ಬೇಕು ಅನ್ನುವುದಕ್ಕೆ ನನ್ನ ಹತ್ತಿರ ಇರುವುದು ಒಂದೇ ಕಾರಣ: ಗಾಳಿ. ಗದಗ ಸುತ್ತಮುತ್ತ ಅಷ್ಟೊಂದು ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎಡೆಬಿಡದೆ ಬೀಸುತ್ತದೆ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಕಡೆ ಹೊರಟರೆ ಬೆನ್ನಿಗೆ ಗಾಳಿ, ವಾಪಸ್ ಬರುವಾಗ ಎದೆಗೆ. 70 ಕಿಲೋ ಸವಾರ, 10 ಕಿಲೋ ಸೈಕಲ್, ಸಮತಟ್ಟು ರಸ್ತೆ, ಗಂಟೆಗೆ ಬರೀ 10 ಕಿಮೀ ಗಾಳಿ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಅದೇ 150 ವ್ಯಾಟಿಗೆ ಹೋಗುವಾಗ ಸ್ಪೀಡು 36ರ ಆಸುಪಾಸು, ಬರುವಾಗ 25ರ ಆಸುಪಾಸು. ಹೋಗುವಾಗ ಎಲ್ಲರೂ ಹುಲಿಗಳೇ. ಅಣ್ಣಿಗೇರಿಯಲ್ಲಿ ಚಹಾ ಕುಡಿದು ಹೊರಳಿದ ಮೇಲೆ ಕಾಲಲ್ಲಿ ಜೀವ ಇರುವುದಿಲ್ಲ, ಯಾಕೆಂದು ತಿಳಿಯುವುದೂ ಇಲ್ಲ. ಸ್ಪೀಡು ನೋಡಿ ತುಳಿಯುವವರ ಪಾಡು ಇದು. ವ್ಯಾಟ್ ನೋಡಿ ತುಳಿದರೆ ಎರಡೂ ದಿಕ್ಕಿಗೆ ಒಂದೇ ಸಂಖ್ಯೆ ಹಿಡಿದು ಬರಬಹುದು.

ಬ್ರೆವೆ ಮಾಡುವವರಿಗೆ ಇದು ಹೆಚ್ಚು ಉಪಯೋಗ. ಬ್ರೆವೆ ಎಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ: 200 ಕಿಮೀಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಮೊದಲ ಎರಡು ತಾಸಿನ ಹುರುಪಿನಲ್ಲಿ ಕಾಲು ಸುಟ್ಟುಕೊಳ್ಳುವುದನ್ನು ತಡೆಯಲು ವ್ಯಾಟಿಗಿಂತ ಚಲೋ ಲಗಾಮು ನಾನು ಕಂಡಿಲ್ಲ.

ಇನ್ನು ಬೇಡವಾದವರು. ವಾರಕ್ಕೆ ಒಂದು ದಿನ ಉಣಕಲ್ ಕೆರೆ ಸುತ್ತಿ ಬರುವವರು ಇದಕ್ಕೆ ರೊಕ್ಕ ಹಾಕಬೇಡಿ. ವರ್ಷವಿಡೀ ಮನೆಯೊಳಗೆ ಟ್ರೇನರ್ ಮೇಲೆ (ಸೈಕಲ್ ನಿಂತಲ್ಲೇ ತುಳಿಯಲು ಬಿಡುವ ಯಂತ್ರ) ತುಳಿಯುವವರು ಸ್ಮಾರ್ಟ್ ಟ್ರೇನರ್ ಕೊಳ್ಳಿ, ಅದರೊಳಗೇ ವ್ಯಾಟ್ ಅಳೆಯುವ ವ್ಯವಸ್ಥೆ ಇರುತ್ತದೆ. ಸವೆದ ಟೈರು, ಅಳತೆಗೆ ಹೊಂದದ ಸೀಟು ಇಟ್ಟುಕೊಂಡು ಪವರ್ ಮೀಟರ್ ಕೇಳುವವರಿಗೂ ನಾನು ಹೇಳುವುದು, ಮೊದಲು ಅದನ್ನು ಸರಿಮಾಡಿಕೊಳ್ಳಿ. ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ಇದರ ಹತ್ತನೇ ಒಂದು ಪಾಲು ಬೆಲೆಗೆ ಸಿಗುತ್ತದೆ. ಆರು ತಿಂಗಳು ಅದರಲ್ಲಿ ಶಿಸ್ತಾಗಿ ತುಳಿಯಲು ಬಾರದವರಿಗೆ ವ್ಯಾಟ್ ಬಂದರೂ ಅಷ್ಟೇ.

2. ಎಡಗಡೆ ಕ್ರ್ಯಾಂಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ

ಇಲ್ಲಿ ಅವಸರ ಬೇಡ. ಹೆಚ್ಚಿನವರ ರೊಕ್ಕ ಹಾಳಾಗುವುದು ಈ ಹಂತದಲ್ಲೇ. ಕಡಿಮೆ ಬೆಲೆಯ ಪವರ್ ಮೀಟರುಗಳಲ್ಲಿ ಬಹುಪಾಲು ಎಡ ಕ್ರ್ಯಾಂಕಿನ ರೂಪದಲ್ಲಿ ಬರುತ್ತವೆ. ನಿಮ್ಮ ಎಡ ತೋಳು ಬಿಚ್ಚಿ, ಸೆನ್ಸರ್ ಅಂಟಿಸಿದ ಹೊಸ ತೋಳು ಹಾಕುವುದು, ಅಷ್ಟೇ. ಆದರೆ ಅದು ನಿಮ್ಮ ಅಚ್ಚಿಗೆ, ಅಂದರೆ ಎಡ-ಬಲ ತೋಳುಗಳನ್ನು ಜೋಡಿಸುವ ನಡುವಿನ ದಂಡಕ್ಕೆ, ಕೂಡಬೇಕು.

ತೋಳು ಅಚ್ಚಿಗೆ ಸೇರುವ ಜಾಗ ನೋಡಿ. ಅಲ್ಲಿ ಅಗಲವಾದ ಮುಚ್ಚಳವಿದ್ದು, ಪಕ್ಕದಲ್ಲಿ ಎದುರುಬದುರಾಗಿ ಎರಡು ಅಲೆನ್ ಬೋಲ್ಟ್ ಕಂಡರೆ ಅದು ಜಪಾನಿನ ಶಿಮಾನೋ ಕಂಪನಿಯ ಹಾಲೋಟೆಕ್ 2, ಅಥವಾ ಅದೇ ಮಾದರಿಯದು. ಇದರ ಅಚ್ಚು 24 ಎಂಎಂ ದಪ್ಪದ ಟೊಳ್ಳು ಕೊಳವೆ. ನಿಮ್ಮ ಕೆಲಸ ಅರ್ಧ ಹಗುರವಾಯಿತು ಅಂದುಕೊಳ್ಳಿ. ಮುಚ್ಚಳದ ಬದಲು ನಡುವೆ ಒಂದೇ ಬೋಲ್ಟ್ ಇದ್ದು, ಅದನ್ನು ತೆಗೆದಾಗ ಒಳಗೆ ಚೌಕಾಕಾರದ ಅಚ್ಚಿನ ತುದಿ ಕಂಡರೆ ಅದು ಸ್ಕ್ವೇರ್ ಟೇಪರ್. ಕಡಿಮೆ ಬೆಲೆಯ ರೋಡ್ ಬೈಕುಗಳಲ್ಲಿ ಇದು ಸಾಮಾನ್ಯ. ಅಪ್ಪನ ಕಾಲದ ಕಾಟರ್ ಪಿನ್ ಕ್ರ್ಯಾಂಕಿಗಿಂತ ಒಂದು ಮೆಟ್ಟಿಲು ಮೇಲೆ, ಆದರೆ ಮಾರುಕಟ್ಟೆಯಲ್ಲಿರುವ ಎಡ ತೋಳಿನ ಪವರ್ ಮೀಟರುಗಳು ಬಹುತೇಕ ಇದಕ್ಕೆ ಕೂಡುವುದಿಲ್ಲ. ನಡುವಿನ ಒಂದೇ ಬೋಲ್ಟಿನವುಗಳಲ್ಲಿ ಸ್ರಾಮ್ ಕಂಪನಿಯ ಮಾದರಿಗಳೂ ಇವೆ. ಅವುಗಳ ಅಚ್ಚೇ ಬೇರೆ, ಶಿಮಾನೋ ತೋಳು ಅದಕ್ಕೆ ಹತ್ತುವುದಿಲ್ಲ.

ಒಂದು ಸಂಗತಿ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. 24 ಎಂಎಂ ಹಾಲೋಟೆಕ್ 2 ಇದ್ದರೆ ನಿಮ್ಮದು ಸೋರಾ ಆಗಲಿ, ಟಿಯಾಗ್ರಾ ಆಗಲಿ, 105ರ ಎಡ ತೋಳು ಅದಕ್ಕೆ ಕೂಡುತ್ತದೆ (ಮೂರೂ ಶಿಮಾನೋದ ರೋಡ್ ಬೈಕ್ ಭಾಗಗಳ ದರ್ಜೆಗಳು, ಕೆಳಗಿನಿಂದ ಮೇಲಕ್ಕೆ). ಬಲಗಡೆ ಒಂದು ಬಣ್ಣ, ಎಡಗಡೆ ಇನ್ನೊಂದು ಬಣ್ಣ ಕಾಣಬಹುದು. ತುಳಿಯಲು ಏನೂ ತೊಂದರೆಯಿಲ್ಲ. "ಸೋರಾಕ್ಕೆ ಪವರ್ ಮೀಟರ್ ಸಿಗಂಗಿಲ್ರಿ" ಎಂದು ಕೈಚೆಲ್ಲಿದವರನ್ನು ಬಹಳ ನೋಡಿದ್ದೇನೆ.

ಆಮೇಲೆ ಉದ್ದ. ತೋಳಿನ ಒಳಮೈಯಲ್ಲಿ, ಪೆಡಲ್ ತೂತಿನ ಹತ್ತಿರ, 165, 170, 172.5 ಅಥವಾ 175 ಎಂದು ಕೊರೆದಿರುತ್ತದೆ. ಮಣ್ಣು, ಗ್ರೀಸು ಒರೆಸಿ ನೋಡಿ. ಬಲಗಡೆಯದನ್ನೂ ನೋಡಿ. ಎರಡೂ ಒಂದೇ ಇರಬೇಕು. ಆಫರ್‌ನಲ್ಲಿ 175 ಮಾತ್ರ ಉಳಿದಿದೆ ಎಂದು ಅದನ್ನೇ 170ರ ಜೋಡಿಗೆ ಹಾಕಿದರೆ ಒಂದು ಕಾಲು ದೊಡ್ಡ ಸುತ್ತು, ಇನ್ನೊಂದು ಸಣ್ಣ ಸುತ್ತು ತುಳಿಯುತ್ತದೆ. ಮೊಣಕಾಲು ಅದನ್ನು ಮರೆಯುವುದಿಲ್ಲ.

ಮೂರನೆಯದು ಸಂದು. ಸೆನ್ಸರ್ ಪೆಟ್ಟಿಗೆ ತೋಳಿನ ಒಳಮೈಗೆ ಅಂಟಿರುತ್ತದೆ. ತೋಳು ತಿರುಗುವಾಗ ಅದು ಚೈನ್‌ಸ್ಟೇಗೆ, ಅಂದರೆ ಹಿಂದಿನ ಗಾಲಿಗೆ ಹೋಗುವ ಕೆಳಗಿನ ಪೈಪಿಗೆ, ತಾಗಬಾರದು. 10 ಎಂಎಂ ಅಲೆನ್ ಕೀಯನ್ನು ತೋಳಿನ ಒಳಮೈಗೆ ಒತ್ತಿ ಹಿಡಿದು ಕ್ರ್ಯಾಂಕನ್ನು ನಿಧಾನ ತಿರುಗಿಸಿ. ಪೈಪಿಗೆ ಉಜ್ಜದೆ ದಾಟಿದರೆ ಹೆಚ್ಚಿನವು ಕೂಡುತ್ತವೆ. ಉಜ್ಜಿದರೆ ನೀವು ಕೊಳ್ಳಲಿರುವ ಮಾದರಿಯ ಪೆಟ್ಟಿಗೆಯ ದಪ್ಪ ಎಷ್ಟೆಂದು ಕಂಪನಿಯ ನಕ್ಷೆಯಲ್ಲಿ ನೋಡದೆ ಮುಂದೆ ಹೋಗಬೇಡಿ. ಚೈನ್‌ಸ್ಟೇ ಕೆಳಗೆ ಹಿಂದಿನ ಬ್ರೇಕ್ ಇರುವ ಫ್ರೇಮುಗಳಲ್ಲಿ ಬ್ರೇಕಿನ ತೋಳಿಗೂ ತಾಗದಂತೆ ನೋಡಿ.

ಸ್ಕ್ವೇರ್ ಟೇಪರ್ ಇದ್ದವರಿಗೆ ಎರಡು ದಾರಿ. ಫ್ರೇಮಿನಲ್ಲಿ ಥ್ರೆಡ್ ಇರುವ 68 ಎಂಎಂ ಬಾಟಮ್ ಬ್ರ್ಯಾಕೆಟ್ ಇದ್ದರೆ (ಕ್ರ್ಯಾಂಕಿನ ಅಚ್ಚು ಕೂರುವ ಬೇರಿಂಗ್ ಮನೆ ಇದು) ಅದನ್ನು ಬಿಚ್ಚಿ ಹಾಲೋಟೆಕ್ 2ರದ್ದು ಕೂರಿಸಿ, ಇಡೀ ಕ್ರ್ಯಾಂಕ್‌ಸೆಟ್ ಬದಲಿಸಬಹುದು. ಇಲ್ಲವೇ ಪೆಡಲ್ ರೂಪದ ಪವರ್ ಮೀಟರ್ ಕೊಳ್ಳಬಹುದು. ಪೆಡಲಿಗೆ ಕ್ರ್ಯಾಂಕ್ ಯಾವ ಜಾತಿಯದು ಅನ್ನುವ ಗೊಡವೆಯಿಲ್ಲ, ರೋಡ್ ಬೈಕುಗಳಲ್ಲಿ ಪೆಡಲ್ ಥ್ರೆಡ್ 9/16 ಇಂಚು.

3. ಕಾಲಲ್ಲಿ ಯಾವ ಬೂಟು ಇದೆ?

ಪೆಡಲ್ ಮಾದರಿ ಯೋಚಿಸುತ್ತಿರುವವರಿಗೆ ಮಾತ್ರ ಈ ಹಂತ. ಪವರ್ ಪೆಡಲುಗಳಲ್ಲಿ ಹೆಚ್ಚಿನವು ಕ್ಲೀಟ್ ಪೆಡಲುಗಳು. ಕ್ಲೀಟ್ ಎಂದರೆ ಬೂಟಿನ ತಳಕ್ಕೆ ಹಾಕುವ, ಪೆಡಲಿಗೆ ಕಚ್ಚಿಕೊಳ್ಳುವ ತುಂಡು. ಇಟಲಿಯ ಫಾವೆರೋ ಕಂಪನಿಯ ಅಸಿಯೋಮಾ ಯುನೋ ಮತ್ತು ಡುಯೋ ಲುಕ್ ಕಿಯೋ ಮಾದರಿಯ ಕ್ಲೀಟ್ ಕೇಳುತ್ತವೆ. ಶಿಮಾನೋ ಎಸ್‌ಪಿಡಿ-ಎಸ್‌ಎಲ್ ಕ್ಲೀಟ್ ಇದ್ದವರು ಅದನ್ನು ಬದಲಿಸಬೇಕಾಗುತ್ತದೆ, ಬೂಟು ಅದೇ ನಡೆಯುತ್ತದೆ. ಆದರೆ ಎರಡೇ ಬೋಲ್ಟಿನ ಎಸ್‌ಪಿಡಿ ಬೂಟು ಇದ್ದವರಿಗೆ ಬೂಟೂ ಬದಲಾಗಬೇಕು. ದೂರದ ಸವಾರಿಗೆ ನಾನು ಎಸ್‌ಪಿಡಿಯವನು. ತಡಸ ಕ್ರಾಸಿನಲ್ಲಿ ಇಳಿದು ಗಿರ್ಮಿಟ್ ತಿನ್ನಲು ಹೋಗುವಾಗ ಲುಕ್ ಕ್ಲೀಟಿನಲ್ಲಿ ಬಾತುಕೋಳಿಯಂತೆ ನಡೆಯುವುದು ನನ್ನಿಂದ ಆಗದು. ಎಸ್‌ಪಿಡಿ ಪವರ್ ಪೆಡಲುಗಳೂ ಇವೆ, ಬೆಲೆ ಏರುತ್ತದೆ. ಸಾದಾ ಚಪ್ಪಟೆ ಪೆಡಲ್ ಬಳಸುವವರಿಗೆ ಎಡ ಕ್ರ್ಯಾಂಕೇ ಕಡಿಮೆ ಬೆಲೆಯ ದಾರಿ.

4. ಒಂದು ಕಾಲು ಅಳೆದರೆ ಸಾಕೇ?

ಸಾಕು. ಇಷ್ಟು ಚುಟುಕಾಗಿ ಹೇಳಿದರೆ ಜಗಳಕ್ಕೆ ಬರುವವರಿದ್ದಾರೆ, ಹಾಗಾಗಿ ಲೆಕ್ಕ ಕೊಡುತ್ತೇನೆ.

ಎಡಗಡೆ ಮಾತ್ರ ಅಳೆಯುವ ಮೀಟರ್ ಎಡಗಾಲಿನ ಬಲವನ್ನು ಎರಡರಿಂದ ಗುಣಿಸಿ ತೋರಿಸುತ್ತದೆ. ನಿಮ್ಮ ಎಡಗಾಲು 48, ಬಲಗಾಲು 52ರ ಪಾಲು ಹಾಕುತ್ತಿದ್ದರೆ, ನಿಜವಾಗಿ 200 ವ್ಯಾಟ್ ತುಳಿದಾಗ ಎಡಗಾಲಿನದು 96, ಪರದೆಯ ಮೇಲೆ ಬರುವುದು 192. ಎಂಟು ವ್ಯಾಟ್ ಕಡಿಮೆ. ಮುಂದಿನ ತಿಂಗಳೂ ಅಷ್ಟೇ ಕಡಿಮೆ ತೋರಿಸಿದರೆ ನಿಮ್ಮ ತರಬೇತಿಗೆ ನಷ್ಟವೇನಿಲ್ಲ, ಏಕೆಂದರೆ ನೀವು ಹೋಲಿಸುತ್ತಿರುವುದು ನಿಮ್ಮ ಹಿಂದಿನ ಸಂಖ್ಯೆಯ ಜೊತೆ. ಡಬ್ಬಿಯ ಮೇಲೆ ಬರೆದ ಶೇ 1 ನಿಖರತೆ ನೋಡಿ ಮರುಳಾಗುವುದಕ್ಕಿಂತ ದಿನ ದಿನವೂ ಒಂದೇ ಅಳತೆ ಕೊಡುತ್ತದೆಯೇ ಎಂದು ಕೇಳಿ. ಆ ಶೇ 1 ಕೂಡ ಎಡಗಾಲಿನ ಅಳತೆಗೆ ಮಾತ್ರ ಅನ್ವಯ.

ಎರಡೂ ಕಡೆ ಬೇಕಾಗುವುದು ಯಾರಿಗೆ? ಒಂದು ಕಾಲಿಗೆ ಪೆಟ್ಟಾಗಿ ಚೇತರಿಸಿಕೊಳ್ಳುತ್ತಿರುವವರಿಗೆ, ಕಾಲುಗಳ ಪಾಲು ದಣಿವಿನ ಜೊತೆ ಏರುಪೇರಾಗುವವರಿಗೆ, ರೇಸಿಗೆ ಕೋಚ್ ಇಟ್ಟುಕೊಂಡವರಿಗೆ. ಉಳಿದವರು ಆ ರೊಕ್ಕ ಉಳಿಸಿ.

ಇನ್ನೊಂದು ಮಾತು. ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ಪುಕ್ಕಟೆ ತೋರಿಸುವ ಅಂದಾಜು ವ್ಯಾಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗುಂಪಿನಲ್ಲಿ ಇನ್ನೊಬ್ಬರ ಬೆನ್ನ ಹಿಂದೆ ಆರಾಮಾಗಿ ಬಂದಿರಿ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

5. ಪೂರ್ತಿ ಖರ್ಚು ಕೂಡಿಸಿ

ದರಗಳು ಡಾಲರ್ ಜೊತೆ ಕುಣಿಯುತ್ತವೆ, ಹಾಗಾಗಿ ಪೈಸೆ ಲೆಕ್ಕ ಕೊಡುವುದಿಲ್ಲ. ಎಡ ಕ್ರ್ಯಾಂಕು ಎಲ್ಲಕ್ಕಿಂತ ಕಡಿಮೆ. ಒಂದೇ ಕಡೆ ಸೆನ್ಸರ್ ಇರುವ ಪೆಡಲ್ ಜೋಡಿ ಅದಕ್ಕಿಂತ ಮೇಲೆ, ಎರಡೂ ಕಡೆಯದು ಇನ್ನೂ ಮೇಲೆ. ಸ್ಪೈಡರ್ ಮಾದರಿ, ಅಂದರೆ ಬಲಗಡೆ ಚೈನ್ ಚಕ್ರಗಳನ್ನು ಹಿಡಿದಿರುವ ನಕ್ಷತ್ರದಾಕಾರದ ಭಾಗದಲ್ಲಿ ಸೆನ್ಸರ್ ಇರುವುದು, ಎರಡೂ ಕಾಲಿನ ಒಟ್ಟು ಬಲ ಅಳೆಯುತ್ತದೆ. ಸಿಗೆಯಿ, ಮಜೀನ್‌ನಂಥ ಚೀನಾ ಕಂಪನಿಗಳು ಬಂದ ಮೇಲೆ ಇದರ ಬೆಲೆಯೂ ಇಳಿದಿದೆ. ಕ್ರ್ಯಾಂಕ್‌ಸೆಟ್ ಹೇಗೂ ಬದಲಿಸಬೇಕಾದ ಸ್ಕ್ವೇರ್ ಟೇಪರ್‌ನವರು ಇದನ್ನು ಒಮ್ಮೆ ನೋಡಬೇಕು.

ಮೀಟರಿನ ಬೆಲೆಯ ಮೇಲೆ ಸೇರುವವು ಬೇರೆ. ವ್ಯಾಟ್ ತೋರಿಸಲು ಹೆಡ್ ಯೂನಿಟ್, ಅಂದರೆ ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್, ಇಲ್ಲವೇ ಪವರ್ ಸೆನ್ಸರ್ ಹಿಡಿಯುವ ವಾಚ್ ಬೇಕು. ಈಗಾಗಲೇ ಇದ್ದರೆ ಅದರ ವಿವರದಲ್ಲಿ 'ಪವರ್' ಎಂಬ ಶಬ್ದ ಇದೆಯೇ ನೋಡಿ, ಕ್ಯಾಡೆನ್ಸ್ ಮತ್ತು ಹಾರ್ಟ್ ರೇಟ್ ಹಿಡಿಯುವುದೆಲ್ಲ ಪವರ್ ಹಿಡಿಯುತ್ತದೆ ಎಂದೇನಿಲ್ಲ. ಮೀಟರುಗಳು ಸಾಮಾನ್ಯವಾಗಿ ಆಂಟ್ ಪ್ಲಸ್ ಮತ್ತು ಬ್ಲೂಟೂತ್ ಎಂಬ ಎರಡೂ ವೈರ್‌ಲೆಸ್ ಭಾಷೆಗಳಲ್ಲಿ ಮಾತಾಡುತ್ತವೆ.

ಹೊರದೇಶದಿಂದ ತರಿಸುವವರೇ, ಇಲ್ಲಿ ಕಿವಿಗೊಡಿ. ಕಸ್ಟಮ್ಸ್ ಸುಂಕ ಬೀಳುವುದು ವಸ್ತುವಿನ ಬೆಲೆ ಮತ್ತು ಸಾಗಣೆ ವೆಚ್ಚ ಎರಡರ ಮೇಲೆ. ಆ ಮೊತ್ತಕ್ಕೆ ಸುಂಕ ಕೂಡಿಸಿ, ಬಂದದ್ದರ ಮೇಲೆ ಐಜಿಎಸ್‌ಟಿ. ಕೊರಿಯರ್‌ನವರ ನಿರ್ವಹಣಾ ಶುಲ್ಕ ಬೇರೆ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಆರ್ಡರ್ ಮಾಡುವ ದಿನದ ದರ ನೋಡಿ ಲೆಕ್ಕ ಹಾಕಿ. ಎಲ್ಲ ಕೂಡಿಸಿದ ಮೇಲೆ ಇಲ್ಲಿನ ಬಿಲ್ಲಿಗೂ ಅದಕ್ಕೂ ನಾಲ್ಕೈದು ಸಾವಿರದ ವ್ಯತ್ಯಾಸವಿದ್ದರೆ ಇಲ್ಲಿಯೇ ಕೊಳ್ಳಿ. ಕೆಟ್ಟಾಗ ವಾಪಸ್ ಕಳಿಸುವ ಖರ್ಚು ಯಾರದು, ಬದಲಿ ಬಂದಾಗ ಮತ್ತೆ ಸುಂಕ ಕಟ್ಟುವವರು ಯಾರು ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

6. ನಾನಾದರೆ ಏನು ತಗೊಳ್ಳುತ್ತಿದ್ದೆ

ಹಾಲೋಟೆಕ್ 2 ಇದ್ದು, ಸಂದು ಸಾಕಷ್ಟಿದ್ದು, ಒಂದೇ ಸೈಕಲ್ ಇದ್ದರೆ 105ರ ಎಡ ಕ್ರ್ಯಾಂಕ್. ಕೆನಡಾದ ಫೋರ್‌ಐಸ್‌ನ ಪ್ರಿಸಿಷನ್ ನನ್ನ ಮೊದಲ ಆಯ್ಕೆ. ಅದು ಕೈಗೆಟುಕದಿದ್ದರೆ ಚೀನಾದ ಎಕ್ಸ್‌ಕೇಡಿಯಂಥವು, ಆದರೆ ತಾಪಮಾನ ಹೊಂದಾಣಿಕೆ ಇದೆ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮಲ್ಲಿ ಬೆಳಿಗ್ಗೆ ಆರಕ್ಕೂ ಹನ್ನೊಂದಕ್ಕೂ ಹದಿನೈದು ಡಿಗ್ರಿ ವ್ಯತ್ಯಾಸ ಆಗುವುದುಂಟು. ಬಿಸಿಗೆ ಲೋಹ ಹಿಗ್ಗಿದರೆ ಸ್ಟ್ರೇನ್ ಗೇಜ್ ಅದನ್ನೂ ಬಲವೆಂದೇ ಓದುತ್ತದೆ.

ಎರಡು ಸೈಕಲ್ ಇದ್ದರೆ, ಅಥವಾ ಸೈಕಲ್ ಬದಲಿಸುವ ಯೋಚನೆ ಇದ್ದರೆ ಅಸಿಯೋಮಾ ಯುನೋ. ಬಿಚ್ಚಿ ಹಾಕುವುದು ಐದು ನಿಮಿಷದ ಕೆಲಸ, ರೊಕ್ಕ ಕೂಡಿದಾಗ ಬಲಗಡೆ ಸೆನ್ಸರ್ ಸೇರಿಸಿ ಡುಯೋ ಮಾಡಿಕೊಳ್ಳಬಹುದು. ಚಾರ್ಜ್ ಮಾಡುವ ಬ್ಯಾಟರಿ, ಒಮ್ಮೆ ತುಂಬಿದರೆ ಕಂಪನಿಯ ಪ್ರಕಾರ 50 ಗಂಟೆ.

7. ಸೆಕೆಂಡ್ ಹ್ಯಾಂಡ್ ಆದರೆ

ಬೆಂಗಳೂರು, ಪುಣೆ ಕಡೆಯಿಂದ ಒಳ್ಳೆಯವು ಬರುತ್ತವೆ. ಮೂರು ವಿಷಯ ನೋಡಿ. ಬ್ಯಾಟರಿ ಮುಚ್ಚಳ ತೆಗೆದು ಫೋಟೋ ಕೇಳಿ: ಒಳಗಿನ ಪತ್ತಿಯಲ್ಲಿ ಹಸಿರು ಕಿಲುಬು ಕಂಡರೆ ನೀರು ಹೋಗಿದೆ, ಬಿಟ್ಟುಬಿಡಿ. ನಂತರ ಜೀರೋ ಆಫ್‌ಸೆಟ್ ಮಾಡಿಸಿ ವಿಡಿಯೋ ಕಳಿಸಲು ಹೇಳಿ. ಕಾಲು ಮುಟ್ಟದೆ ಇದ್ದಾಗ ಸೊನ್ನೆ ಎಲ್ಲಿದೆ ಎಂದು ಮೀಟರಿಗೆ ತಿಳಿಸುವುದೇ ಜೀರೋ ಆಫ್‌ಸೆಟ್. ಒಂದೇ ಕಡೆ ನಿಲ್ಲಿಸಿ ಐದು ಸಲ ಮಾಡಿದರೆ ಐದೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕು.

ಮೂರನೆಯದು ಶಿಮಾನೋ ಅಲ್ಟೆಗ್ರಾ, ಡ್ಯುರಾ-ಏಸ್ (105ಕ್ಕಿಂತ ಮೇಲಿನ ದರ್ಜೆಗಳು) ಕ್ರ್ಯಾಂಕ್‌ಸೆಟ್ ಕೊಳ್ಳುವವರಿಗೆ. 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದ, ಅಂಟಿನಿಂದ ಜೋಡಿಸಿದ 11 ಸ್ಪೀಡ್ ಕ್ರ್ಯಾಂಕುಗಳು ಬಿಚ್ಚಿಕೊಳ್ಳುವ ಸಾಧ್ಯತೆ ಇದೆಯೆಂದು ಕಂಪನಿಯೇ 2023ರ ಸೆಪ್ಟೆಂಬರ್‌ನಲ್ಲಿ ತಪಾಸಣೆ ಘೋಷಿಸಿತು. ಮಾದರಿ ಸಂಖ್ಯೆಗಳು 6800, ಆರ್ 8000, 9000, ಆರ್ 9100. ತೋಳಿನ ಹಿಂಬದಿಯ ಎರಡಕ್ಷರದ ಕೋಡಿನ ಫೋಟೋ ತರಿಸಿ ಕಂಪನಿಯ ಪಟ್ಟಿಯ ಜೊತೆ ಹೋಲಿಸಿ. 105 ಈ ಪಟ್ಟಿಯಲ್ಲಿಲ್ಲ, ನಾನು 105 ಅನ್ನುವುದಕ್ಕೆ ಇದೂ ಒಂದು ಕಾರಣ.

8. ಕೂರಿಸುವುದು ಮತ್ತು ಮೊದಲ ವಾರ

ಎಡ ತೋಳಿನ ಎರಡು ಬೋಲ್ಟ್ ಸಡಿಲಿಸಿ, ನಡುವಿನ ಸಣ್ಣ ಸ್ಟಾಪರ್ ಪಟ್ಟಿ ಎತ್ತಿ, ಮುಚ್ಚಳ ಬಿಚ್ಚಿದರೆ ತೋಳು ಹೊರಬರುತ್ತದೆ. ಹೊಸದು ಹಾಕುವಾಗ ಮುಚ್ಚಳವನ್ನು ಬೆರಳಿನ ಬಲದಷ್ಟೇ ಬಿಗಿ ಮಾಡಿ, ಅದರ ಮಿತಿ 0.7ರಿಂದ 1.5 ನ್ಯೂಟನ್ ಮೀಟರ್. ಸ್ಟಾಪರ್ ಪಟ್ಟಿ ಒಳಗೆ ಒತ್ತಿ. ಆಮೇಲೆ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ 12ರಿಂದ 14ಕ್ಕೆ ತನ್ನಿ. ಇದಕ್ಕೆ ಟಾರ್ಕ್ ರೆಂಚ್ ಬೇಕು, ಅಂದಾಜಿನ ಕೈ ಬೇಡ. ನನ್ನ ಮೊದಲನೆಯದನ್ನು ಮಿಸ್ತ್ರಿಯೊಬ್ಬರು ಉದ್ದನೆಯ ಪಾನಾ ಹಾಕಿ "ಇನ್ನ ಬಿಚ್ಚಂಗಿಲ್ಲ ಬಿಡ್ರಿ" ಎಂದು ಬಿಗಿದುಕೊಟ್ಟಿದ್ದರು. ಮುಂದೆ ಬಿಚ್ಚಬೇಕಾದಾಗ ನಿಜವಾಗಿಯೂ ಬಿಚ್ಚಲಿಲ್ಲ, ಬೋಲ್ಟಿನ ತಲೆ ಸವೆದುಹೋಯಿತು. ಎಡ ಪೆಡಲಿನ ಥ್ರೆಡ್ ಉಲ್ಟಾ ಅನ್ನುವುದು ಗೊತ್ತಿರಲಿ.

ನಾಣ್ಯದ ಬ್ಯಾಟರಿ, ಹೆಚ್ಚಾಗಿ ಸಿಆರ್ 2032, ಹೆಸರಾಂತ ಕಂಪನಿಯದನ್ನೇ ಹಾಕಿ. ಹತ್ತು ರೂಪಾಯಿಯ ಸೆಲ್ ಹಾಕಿ ಸಿಗ್ನಲ್ ಹೋಗುತ್ತದೆ ಎಂದು ಮೀಟರನ್ನು ಬಯ್ಯುವವರು ಹೆಚ್ಚು. ಮುಚ್ಚಳದ ರಬ್ಬರ್ ಉಂಗುರ ಸರಿಯಾಗಿ ಕೂತಿರಲಿ. ಕಲಘಟಗಿ ರಸ್ತೆಯ ಮಳೆ ಅರ್ಧ ಎಂಎಂ ಸಂದು ಸಿಕ್ಕರೂ ಒಳಗೆ ಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರು ಮಾತ್ರ ಹೊಡೆಸಲೇಬೇಡಿ.

ಹೆಡ್ ಯೂನಿಟ್ಟಿನಲ್ಲಿ ಕ್ರ್ಯಾಂಕ್ ಉದ್ದ ಕೇಳಿದರೆ ಸರಿಯಾಗಿ ತುಂಬಿ. ಪರದೆಯಲ್ಲಿ 3 ಸೆಕೆಂಡಿನ ಸರಾಸರಿ ವ್ಯಾಟ್ ಇಡಿ, ಕ್ಷಣಕ್ಷಣದ ಸಂಖ್ಯೆ ನೋಡಿದರೆ ತಲೆ ತಿರುಗುತ್ತದೆ. ಸರಾಸರಿಯಲ್ಲಿ ಸೊನ್ನೆಗಳನ್ನು, ಅಂದರೆ ತುಳಿಯದೆ ಇಳಿಜಾರಿನಲ್ಲಿ ಹೋದ ಹೊತ್ತನ್ನು, ಸೇರಿಸುವ ಆಯ್ಕೆ ಆನ್ ಇರಲಿ.

ಎರಡನೇ ಭಾನುವಾರ ಎಫ್‌ಟಿಪಿ ನೋಡಿಕೊಳ್ಳಿ. ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ವ್ಯಾಟ್ ಅದು. 20 ನಿಮಿಷ ಪೂರ್ತಿ ಬಲ ಹಾಕಿ, ಸರಾಸರಿಯನ್ನು 0.95ರಿಂದ ಗುಣಿಸಿ. 210 ಬಂದರೆ ಎಫ್‌ಟಿಪಿ 200ರ ಹತ್ತಿರ. ಗದಗದವರಿಗೆ ಊರು ದಾಟಿ ಲಕ್ಕುಂಡಿ ಕಡೆಗಿನ ರಸ್ತೆ ಇದಕ್ಕೆ ಅಳತೆ ಮಾಡಿ ಹಾಕಿಸಿದಂತಿದೆ: 11-12 ಕಿಮೀ, ಬೆಳಗಿನ ಆರಕ್ಕೆ ಹೊರಟರೆ ಅಡ್ಡಿ ಕಡಿಮೆ. ಗಾಳಿ ಯಾವ ಕಡೆ ಇದ್ದರೂ ಪರವಾಗಿಲ್ಲ, ವ್ಯಾಟಿಗೆ ಅದು ಲೆಕ್ಕವಿಲ್ಲ. ಹುಬ್ಬಳ್ಳಿಯವರು ಬೈಪಾಸಿನಲ್ಲಿ ಲಾರಿಗಳ ನಡುವೆ ತಲೆ ತಗ್ಗಿಸಿ ಈ ಪರೀಕ್ಷೆ ಮಾಡಬೇಡಿ, ಅಣ್ಣಿಗೇರಿ ರಸ್ತೆಗೆ ಹೋಗಿ. ಸವಾರಿಯ ಫೈಲನ್ನು ವ್ಯಾಟ್ ವಿಶ್ಲೇಷಿಸುವ ಇಂಟರ್ವಲ್ಸ್ ಡಾಟ್ ಐಸಿಯು ಜಾಲತಾಣಕ್ಕೆ ಅಥವಾ ಗೋಲ್ಡನ್ ಚೀತಾ ಸಾಫ್ಟ್‌ವೇರಿಗೆ ಹಾಕಿ, ಎರಡೂ ಪುಕ್ಕಟೆ.

ಪ್ರತಿ ಸವಾರಿಗೆ ಮುನ್ನ ಸೈಕಲನ್ನು ಹತ್ತು ನಿಮಿಷ ಹೊರಗೆ ನಿಲ್ಲಿಸಿ, ಹೊರಗಿನ ತಾಪಮಾನಕ್ಕೆ ಬರಲಿ. ಎಡ ಪೆಡಲ್ ನೆಟ್ಟಗೆ ಕೆಳಗೆ, ಕಾಲು ತೆಗೆದು, ಜೀರೋ ಆಫ್‌ಸೆಟ್ ಮಾಡಿ. ಬಂದ ಸಂಖ್ಯೆಯನ್ನು ಮೊದಲ ಎರಡು ವಾರ ಫೋನಿನಲ್ಲಿ ಬರೆದಿಡಿ. ಸಣ್ಣಪುಟ್ಟ ಏರಿಳಿತ ಇದ್ದದ್ದೇ. ದಿನದಿಂದ ದಿನಕ್ಕೆ ದೊಡ್ಡ ಜಿಗಿತ ಕಂಡರೆ ಮೊದಲು ಬೋಲ್ಟ್ ಬಿಗಿತ ನೋಡಿ, ನಂತರ ಬ್ಯಾಟರಿ ಬದಲಿಸಿ, ಅದಕ್ಕೂ ನಿಲ್ಲದಿದ್ದರೆ ಬಿಲ್ಲು ಎಲ್ಲಿಟ್ಟಿದ್ದೀರಿ ಹುಡುಕಿ.